ಹಿಂದೆ ಇಡೋ ಗಾಂಜಾ ಮಾತ್ರೆ: ಕೇಳೋಕೆ ನಾಚಿಕೆ ಬೇಡ, ನಂಬೋಕೆ ಅವಸರ ಬೇಡ

(1/6)

ಈ ಸರಣಿ ಓದ್ತಾ ಬಂದಿರೋರಿಗೆ ಗೊತ್ತು. ಇಲ್ಲಿ ಮಲ, ಮೂತ್ರ, ಬೆನ್ನಿನ ಹುಣ್ಣು, ಡೈಪರ್ ಎಲ್ಲವನ್ನೂ ಹೆಸರು ಹಿಡಿದೇ ಮಾತಾಡ್ತೀವಿ. ಇವತ್ತಿನ ವಿಷಯವೂ ಹಾಗೇ, ಹಾಗಾಗಿ ಊಟ ಮಾಡ್ತಾ ಓದ್ತಿದ್ರೆ ಆಮೇಲೆ ಬನ್ನಿ.

ಇನ್‌ಬಾಕ್ಸಿಗೆ ಒಂದೇ ಥರದ ಪ್ರಶ್ನೆ ಮತ್ತೆ ಮತ್ತೆ ಬರ್ತಿದೆ. ಸಾರಾಂಶ ಇಷ್ಟು: ಅಮ್ಮನಿಗೋ ಅಪ್ಪನಿಗೋ ಕ್ಯಾನ್ಸರ್. ಮಗ ಅಥವಾ ಮಗಳು ಇರೋದು ಕ್ಯಾಲಿಫೋರ್ನಿಯಾದಲ್ಲೋ ಟೊರೊಂಟೊದಲ್ಲೋ. ಅಲ್ಲಿ ಗಾಂಜಾ ಸಪೊಸಿಟರಿ ಸಿಗುತ್ತೆ, ಅಂದ್ರೆ ಗುದದ್ವಾರದಲ್ಲಿ ಇಡೋ ಮಾತ್ರೆ. "ತಲೆಗೆ ಏರಲ್ವಂತೆ, ನೋವು ಮಾತ್ರ ಹೋಗುತ್ತಂತೆ. ಮುಂದಿನ ತಿಂಗಳು ಊರಿಗೆ ಬರ್ತಿದ್ದೀನಿ, ತರಲಾ?"

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ. ತರಬೇಡಿ. ಆದರೆ ಅಷ್ಟಕ್ಕೇ ಬಾಗಿಲು ಹಾಕಿದ್ರೆ ಇದನ್ನೆಲ್ಲ ಬರೆಯೋ ಅಗತ್ಯ ಇರಲಿಲ್ಲ. ಕಾನೂನು ಒಪ್ಪಿದ ದೇಶದಲ್ಲಿ, ವೈದ್ಯರ ಮಾತಿನ ಮೇಲೆ ಇದನ್ನ ಬಳಸ್ತಿರೋ ಕನ್ನಡದ ಮನೆಗಳೂ ಇವೆ. ಅವರಿಗೆ ಸರಿಯಾದ ಕ್ರಮ ತಿಳಿದಿರಬೇಕು. ಊರಲ್ಲಿ ನರಳ್ತಿರೋ ಅಮ್ಮನಿಗೆ ಇದರ ಬದಲು ಏನು ಕೇಳಬೇಕು ಅನ್ನೋದೂ ಗೊತ್ತಿರಬೇಕು.

ಹಿಂದಿನಿಂದ ಔಷಧ ಕೊಡೋದು ನಮಗೇನೂ ಹೊಸದಲ್ಲ. ಮಗುವಿಗೆ ಮಲ ಕಟ್ಟಿದ್ರೆ ವೀಳ್ಯದೆಲೆ ತೊಟ್ಟಿಗೆ ಹರಳೆಣ್ಣೆ ಸವರಿ ಇಡ್ತಿದ್ದ ಅಜ್ಜಿಯರು ನಮ್ಮವರೇ. (ಈಗ ಅದನ್ನ ಮಾಡಬೇಡಿ, ಎಳೆ ಚರ್ಮ ಗಾಯ ಆಗುತ್ತೆ.) ಸಿಸೇರಿಯನ್ ಆದ ಎಷ್ಟೋ ತಾಯಂದಿರಿಗೆ ಆಸ್ಪತ್ರೆಯಲ್ಲಿ ನೋವಿಗೆ ಡೈಕ್ಲೋಫೆನಾಕ್ ಸಪೊಸಿಟರಿ ಇಟ್ಟಿರ್ತಾರೆ. ವಾಂತಿ ನಿಲ್ಲದವರಿಗೆ, ನುಂಗೋಕೆ ಆಗದವರಿಗೆ ಇದು ಒಳ್ಳೆಯ ದಾರಿ. ತಕರಾರು ದಾರಿಯ ಮೇಲಲ್ಲ, ಆ ದಾರೀಲಿ ಗಾಂಜಾ ಎಷ್ಟು ದೂರ ಹೋಗುತ್ತೆ ಅನ್ನೋದರ ಮೇಲೆ.

(2/6)

"ತಲೆಗೆ ಏರಲ್ಲ" ಅನ್ನೋ ಮಾತನ್ನ ಸ್ವಲ್ಪ ಬಿಡಿಸಿ ನೋಡೋಣ. ಮಾರೋರೆಲ್ಲ ಇದನ್ನೇ ಹೇಳೋದು.

ಗಾಂಜಾದಲ್ಲಿ ಮತ್ತು ಬರಿಸೋ ಅಂಶ ಟಿಎಚ್‌ಸಿ. ಬಾಯಿಂದ ತಗೊಂಡ್ರೆ ಅದು ಮೊದಲು ಲಿವರ್‌ಗೆ ಹೋಗುತ್ತೆ, ಹೆಚ್ಚಿನ ಭಾಗ ಅಲ್ಲೇ ಮುರಿದು ಬೀಳುತ್ತೆ. ರಕ್ತಕ್ಕೆ ಉಳಿಯೋದು ಸಾಮಾನ್ಯವಾಗಿ ನೂರಕ್ಕೆ 10ರಿಂದ 20 ಭಾಗ. ಗುದನಾಳದ ಕೆಳಭಾಗದ ರಕ್ತನಾಳಗಳು ಲಿವರ್ ದಾಟದೆ ನೇರವಾಗಿ ದೇಹದ ರಕ್ತಕ್ಕೆ ಸೇರ್ತವೆ. ಹಾಗಾಗಿ ಕಾಗದದ ಮೇಲೆ ಈ ದಾರಿ ಚೆನ್ನಾಗೇ ಕಾಣುತ್ತೆ.

ತೊಂದರೆ ಏನಂದ್ರೆ, ಟಿಎಚ್‌ಸಿಗೆ ಕೊಬ್ಬು ಅಂದ್ರೆ ಪ್ರಾಣ. ಸಪೊಸಿಟರಿ ಮಾಡೋದು ಸಾಮಾನ್ಯವಾಗಿ ಕೋಕೋ ಬೆಣ್ಣೆಯಲ್ಲೋ ತೆಂಗಿನ ಎಣ್ಣೆಯಲ್ಲೋ. ಗುದನಾಳದಲ್ಲಿ ಇರೋ ದ್ರವ ಕೆಲವೇ ಮಿಲಿಲೀಟರ್. ಬೆಣ್ಣೆ ಬಿಟ್ಟು ಆ ಚೂರು ನೀರಿಗೆ ಇಳಿಯೋಕೆ ಟಿಎಚ್‌ಸಿಗೆ ಮನಸ್ಸೇ ಇಲ್ಲ. ಅದಕ್ಕೇ ಅಮೆರಿಕದ ಮಿಸಿಸಿಪಿ ವಿಶ್ವವಿದ್ಯಾಲಯದ ಸಂಶೋಧಕರು ಟಿಎಚ್‌ಸಿಯ ರಾಸಾಯನಿಕ ರೂಪವನ್ನೇ ಬದಲಿಸಿ, ಹೆಮಿಸಕ್ಸಿನೇಟ್ ಅನ್ನೋ ರೂಪ ಮಾಡಬೇಕಾಯ್ತು. ಆ ಬದಲಾದ ರೂಪ ಚೆನ್ನಾಗಿ ಹೀರಿಕೆ ಆಯ್ತು. 1996ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಬಾಯಿಂದ ಕೊಟ್ಟಿದ್ದಕ್ಕಿಂತ ಸುಮಾರು ಎರಡು ಪಟ್ಟು ರಕ್ತಕ್ಕೆ ಸೇರಿತ್ತು. ಜಾಹೀರಾತುಗಳು ಹಿಡ್ಕೊಂಡಿರೋದು ಇಂಥ ಅಂಕಿಯನ್ನೇ. ಆದರೆ ಅದರಲ್ಲಿದ್ದ ರೋಗಿಗಳು ಇಬ್ಬರೇ ಇಬ್ಬರು, ಮತ್ತು ಅಂಗಡೀಲಿ ಸಿಗೋ ಕೋಕೋ ಬೆಣ್ಣೆಯ ಮಾತ್ರೆಯಲ್ಲಿರೋದು ಆ ಹೆಮಿಸಕ್ಸಿನೇಟ್ ಅಲ್ಲ.

ಈಗ ನೀವೇ ಯೋಚಿಸಿ. 50 ಮಿಲಿಗ್ರಾಂ ಇಟ್ರೂ ತಲೆಗೆ ಏರಲಿಲ್ಲ ಅಂದ್ರೆ, ಅದು ದೇಹದೊಳಗೆ ಸರಿಯಾಗಿ ಹೋಗಿಲ್ಲ ಅಂತಾನೇ ಅರ್ಥ ಇರಬಹುದಲ್ವಾ? ರಕ್ತಕ್ಕೆ ಸೇರಿದ ಟಿಎಚ್‌ಸಿ ಮೆದುಳಿಗೂ ಹೋಗೇ ಹೋಗುತ್ತೆ. ಬೆನ್ನುಮೂಳೆಯ ನೋವಿಗೆ ಮಾತ್ರ ಹೋಗು, ತಲೆಗೆ ಹೋಗಬೇಡ ಅಂತ ಅದಕ್ಕೆ ಯಾರೂ ಅಡ್ರೆಸ್ ಬರೆದು ಕೊಟ್ಟಿರಲ್ಲ.

(3/6)

"ಹೋಗದಿದ್ರೆ ಬಿಡಿ, ನಷ್ಟ ಏನು?" ಅಂತೀರಾ. ದುಡ್ಡು ಬಿಡಿ, ನನಗೆ ಭಯ ಇರೋದು ಬೇರೆ ಕಡೆ.

ಏನೂ ಆಗಲಿಲ್ಲ ಅಂತ ಮನೆಯವರು ಡೋಸ್ ಏರಿಸ್ತಾ ಹೋಗ್ತಾರೆ. 50, 100, ದಿನಕ್ಕೆ ಎರಡು ಸಲ. ಹೋಲಿಕೆಗೆ ಹೇಳ್ತೀನಿ: ಕೀಮೋ ವಾಂತಿಗೆ ಅಮೆರಿಕದಲ್ಲಿ 1985ರಲ್ಲೇ ಒಪ್ಪಿಗೆ ಪಡೆದ ಡ್ರೊನಾಬಿನಾಲ್ ಅನ್ನೋ ಟಿಎಚ್‌ಸಿ ಗುಳಿಗೆಯ ಅತಿ ಸಣ್ಣ ಅಳತೆ 2.5 ಮಿಲಿಗ್ರಾಂ. ನೀವು ಇಡ್ತಿರೋದು ಅದರ 20 ಪಟ್ಟು. ಒಂದು ದಿನ ಆ ಬ್ರ್ಯಾಂಡ್ ಸಿಗಲ್ಲ, ಬೇರೆಯದು ತರ್ತೀರಿ. ಅದರ ಬೇಸ್ ಬೇರೆ, ಸ್ವಲ್ಪ ಜಾಸ್ತಿ ಹೀರಿಕೆ ಆಗುತ್ತೆ. ಅಥವಾ ನುಂಗೋಕೆ ಆಗ್ತಿದೆ ಅಂತ ಅದೇ 50ನ್ನ ಎಣ್ಣೆಯ ರೂಪದಲ್ಲಿ ಬಾಯಿಗೆ ಕೊಡ್ತೀರಿ. ಆಗ 72 ವರ್ಷದ ಅಪ್ಪ ರಾತ್ರಿ ಎರಡು ಗಂಟೆಗೆ ಎದ್ದು, ತಲೆ ತಿರುಗಿ, ಬಾತ್‌ರೂಮಿನ ಟೈಲ್ಸ್ ಮೇಲೆ ಬೀಳ್ತಾರೆ. ಕ್ಯಾನ್ಸರ್ ಮೂಳೆಗೆ ಹರಡಿರೋರಿಗೆ ಒಂದು ಬೀಳೋದು ಅಂದ್ರೆ ಏನು ಅನ್ನೋದನ್ನ ನಾನು ವಿವರಿಸಬೇಕಿಲ್ಲ.

ಟಿಎಚ್‌ಸಿ ಹೃದಯದ ಬಡಿತ ಏರಿಸುತ್ತೆ, ಎದ್ದು ನಿಂತಾಗ ಬಿಪಿ ಇಳಿಸುತ್ತೆ, ವಯಸ್ಸಾದವರಲ್ಲಿ ಗೊಂದಲ ತರುತ್ತೆ. ಇತ್ತೀಚೆಗೆ ಹಾರ್ಟ್ ಅಟ್ಯಾಕ್ ಆದವರು, ಸ್ಕಿಜೋಫ್ರೀನಿಯಾದಂಥ ಕಾಯಿಲೆ ಇದ್ದವರು, ಗರ್ಭಿಣಿಯರು ಹತ್ತಿರವೂ ಹೋಗಬಾರದು. ಮತ್ತು ಬರಿಸದ ಸಿಬಿಡಿ ಇದ್ರೆ ಪರವಾಗಿಲ್ವಾ ಅಂತ ಕೇಳೋರಿಗೆ: ರಕ್ತ ತೆಳು ಮಾಡೋ ವಾರ್ಫರಿನ್, ಫಿಟ್ಸ್ ಮಾತ್ರೆ ಕ್ಲೋಬಜಾಮ್, ಕಿಡ್ನಿ ಕಸಿ ಆದವರ ಟ್ಯಾಕ್ರೋಲಿಮಸ್, ಇವುಗಳ ಮಟ್ಟವನ್ನ ಸಿಬಿಡಿ ಏರಿಸಬಲ್ಲದು. "ಗಿಡಮೂಲಿಕೆ ತಾನೇ" ಅಂತ ಡಾಕ್ಟರ್‌ಗೆ ಹೇಳದೆ ಇರೋದು ಇಲ್ಲಿ ನಿಜಕ್ಕೂ ಅಪಾಯ.

ಕ್ಯಾನ್ಸರ್ ಗುಣ ಆಗುತ್ತಂತೆ ಅನ್ನೋ ವಿಡಿಯೋಗಳನ್ನ ನನಗೆ ಕಳಿಸಬೇಡಿ. ಮನುಷ್ಯರಲ್ಲಿ ಅದಕ್ಕೆ ಆಧಾರ ಇಲ್ಲ.

(4/6)

ಇನ್ನು ಕಾನೂನು ಒಪ್ಪುವ ಜಾಗದಲ್ಲಿ, ವೈದ್ಯರಿಗೆ ಗೊತ್ತಿದ್ದು ಬಳಸ್ತಿರೋರಿಗೆ.

ಮೊದಲು ಬ್ಲಡ್ ರಿಪೋರ್ಟ್ ನೋಡಿ. ಕೀಮೋದಿಂದ ಬಿಳಿ ರಕ್ತಕಣ ಕಡಿಮೆ ಆಗಿದ್ರೆ, ಪ್ಲೇಟ್‌ಲೆಟ್ ಇಳಿದಿದ್ರೆ, ಹಿಂದಿನಿಂದ ಏನನ್ನೂ ಇಡಬಾರದು. ಗಾಂಜಾ ಇರಲಿ, ಪ್ಯಾರಾಸಿಟಮಾಲ್ ಇರಲಿ. ಒಳಗಿನ ಪೊರೆಗೆ ಸಣ್ಣ ಗೀರು ಬಿದ್ರೂ ಸೋಂಕು ರಕ್ತಕ್ಕೆ ಸೇರಬಹುದು. ಈ ಒಂದು ವಾಕ್ಯ ಯಾವ ಮಾರಾಟದ ಪೇಜಿನಲ್ಲೂ ದೊಡ್ಡಕ್ಷರದಲ್ಲಿ ಕಾಣಲ್ಲ, ಆದರೆ ಕ್ಯಾನ್ಸರ್ ಮನೆಗಳಿಗೆ ಇದಕ್ಕಿಂತ ಮುಖ್ಯವಾದ್ದು ಇಲ್ಲ. ಗುದದಿಂದ ರಕ್ತ, ಬೇಧಿ, ಊದಿದ ಮೂಲವ್ಯಾಧಿ, ಇತ್ತೀಚಿನ ಕರುಳಿನ ಆಪರೇಷನ್ ಇದ್ರೂ ಬೇಡ.

ಪ್ಯಾಕ್ ಮೇಲೆ ಒಂದೊಂದು ಮಾತ್ರೆಗೆ ಎಷ್ಟು ಮಿಲಿಗ್ರಾಂ ಟಿಎಚ್‌ಸಿ, ಎಷ್ಟು ಸಿಬಿಡಿ ಅಂತ ಬೇರೆ ಬೇರೆ ಬರೆದಿರಬೇಕು. ಬರೆದಿಲ್ಲ ಅಂದ್ರೆ ಅದು ಔಷಧ ಅಲ್ಲ, ಮಿಠಾಯಿ. ಎಷ್ಟರಿಂದ ಶುರು ಅನ್ನೋದನ್ನ ಬರೆದುಕೊಟ್ಟ ವೈದ್ಯರು ಹೇಳಲಿ. ಅತಿ ಕಡಿಮೆ ಅಳತೆಯದನ್ನೇ ಕೇಳಿ ತಗೊಳ್ಳಿ, ದೊಡ್ಡದನ್ನ ತಂದು ಕತ್ತರಿಸಬೇಡಿ. ಔಷಧ ಎರಡೂ ತುಂಡಿನಲ್ಲಿ ಸಮ ಇರುತ್ತೆ ಅನ್ನೋ ಭರವಸೆ ಇಲ್ಲ. ಕೋಕೋ ಬೆಣ್ಣೆ ಮೈ ಬಿಸಿಗೆ ಕರಗೋಕೇ ಮಾಡಿದ್ದು. ಬಿಸಿಲಲ್ಲಿ ನಿಂತ ಕಾರಲ್ಲಿ ಬಿಟ್ರೆ ಕರಗಿ, ಮತ್ತೆ ಗಟ್ಟಿಯಾಗಿ, ಔಷಧ ಒಂದು ಕಡೆ ಕೂತಿರುತ್ತೆ. ಅಂಥದ್ದನ್ನ ಬಳಸಬೇಡಿ. ಫ್ರಿಡ್ಜಲ್ಲಿ ಇಡಿ, ಆದರೆ ಬೀಗ ಇರೋ ಡಬ್ಬಿಯಲ್ಲಿ. ಅದಕ್ಕೆ ಚಾಕೊಲೇಟಿನ ವಾಸನೆ ಇರುತ್ತೆ, ಮನೇಲಿ ಮಕ್ಕಳಿರ್ತಾರೆ.

ಇಡೋ ಕ್ರಮ ಎಲ್ಲ ಸಪೊಸಿಟರಿಗೂ ಒಂದೇ. ಮಲವಿಸರ್ಜನೆ ಆದಮೇಲೆ ಇಟ್ರೆ ಒಳ್ಳೇದು. ಕೈ ತೊಳೀರಿ, ಉಗುರು ಕತ್ತರಿಸಿರಲಿ, ಗ್ಲೌಸ್ ಹಾಕಿ. ಮಾತ್ರೆ ಮೆತ್ತಗಿದ್ರೆ ಕವರ್ ಸಮೇತ ಸ್ವಲ್ಪ ಹೊತ್ತು ತಣ್ಣೀರಲ್ಲಿಡಿ. ಆಮೇಲೆ ಕವರ್ ಬಿಚ್ಚಿ. (ನಗಬೇಡಿ. ಕವರ್ ಸಮೇತ ಇಟ್ಟವರು ಇದ್ದಾರೆ.) ಎಡಮಗ್ಗುಲಿಗೆ ಮಲಗಿಸಿ, ಬಲಗಾಲಿನ ಮಂಡಿ ಎದೆ ಕಡೆಗೆ ಮಡಚಿ. ತುದಿಯನ್ನ ನೀರಲ್ಲಿ ಒದ್ದೆ ಮಾಡಿದ್ರೆ ಸಾಕು, ವ್ಯಾಸಲೀನ್ ಬೇಡ. ದೀರ್ಘವಾಗಿ ಉಸಿರು ಬಿಡೋಕೆ ಹೇಳಿ, ಬಿಗಿ ಸಡಿಲ ಆದಾಗ ಸುಮಾರು ಒಂದು ಇಂಚು ಒಳಗೆ ಸರಿಸಿ. 15 ನಿಮಿಷ ಮಲಗಿರಲಿ. ಟೈಮ್, ಡೋಸ್, ಆಮೇಲೆ ಹೇಗಿದ್ರು ಅನ್ನೋದನ್ನ ಒಂದು ಪುಸ್ತಕದಲ್ಲಿ ಬರೀರಿ. ಏನೂ ಆಗಲಿಲ್ಲ ಅಂತ ಅವತ್ತೇ ಇನ್ನೊಂದು ಇಡಬೇಡಿ. ಆ ದಿನ ಗಾಡಿ ಓಡಿಸೋದು, ಮದ್ಯ, ಒಬ್ಬರೇ ಬಾತ್‌ರೂಮಿಗೆ ಹೋಗೋದು ಬೇಡ. ನಿದ್ದೆ ಮಾತ್ರೆ, ಮಾರ್ಫಿನ್ ನಡೀತಿದ್ರೆ ಮೊದಲೇ ಡಾಕ್ಟರ್‌ಗೆ ಹೇಳಿರಬೇಕು. ಮಾತಾಡಿಸಿದ್ರೆ ಎಚ್ಚರ ಆಗ್ತಿಲ್ಲ, ಎದೆ ನೋವು, ತುಂಬ ಗಾಬರಿ ಅಂದ್ರೆ, ಅಥವಾ ಮಗು ಒಂದನ್ನ ತಿಂದ್ರೆ, ಕಾಯದೆ ಆಸ್ಪತ್ರೆಗೆ. ಏನು ಕೊಟ್ಟಿದ್ದು ಅಂತ ಸುಳ್ಳು ಹೇಳಬೇಡಿ.

(5/6)

ಇದನ್ನ ಯಾರು ಇಡ್ತಾರೆ? ಎಲ್ಲರೂ ಡೋಸ್ ಕೇಳ್ತಾರೆ, ಇದನ್ನ ಕೇಳಲ್ಲ.

ನಮ್ಮ ಮನೆಗಳಲ್ಲಿ ಅತ್ತೆಗೆ ಸೊಸೆ, ಅಪ್ಪನಿಗೆ ಮಗ, ಕೆಲವು ಸಲ ಅಮ್ಮನಿಗೂ ಮಗನೇ. ಜೀವನಪೂರ್ತಿ ಸೆರಗು ಸರಿಯದ ಹಾಗೆ ಬದುಕಿದ ಹೆಂಗಸನ್ನ "ಸ್ವಲ್ಪ ತಿರುಗಮ್ಮ" ಅಂತ ತಿರುಗಿಸಿ, ಸೀರೆ ಎತ್ತಿ, ಎರಡು ನಿಮಿಷದಲ್ಲಿ ಮುಗಿಸಿಬಿಡ್ತೀವಿ. ಅವರು ಗೋಡೆ ನೋಡ್ತಾ ಮಲಗಿರ್ತಾರೆ. ಬೇಡ ಅನ್ನೋ ಹಕ್ಕು ಅವರಿಗೆ ಇದೆ ಅಂತ ನಮಗೆ ಹೊಳೆಯೋದೇ ಇಲ್ಲ. ಗಾಂಜಾ ಅಂದಮೇಲಂತೂ ಕೆಲವರು ಅದೇನು ಅಂತ ಹೇಳದೆ "ನೋವಿನ ಮಾತ್ರೆ" ಅಂತ ಇಟ್ಟುಬಿಡ್ತಾರೆ. ಇದು ತಪ್ಪು. ಪ್ರೀತಿಯಿಂದ ಮಾಡಿದ್ರೂ ತಪ್ಪೇ. ತಲೆ ತಿರುಗಿ, ಗೋಡೆ ಅಲುಗಾಡಿದ ಹಾಗೆ ಕಂಡು, "ನನಗೆ ಹುಚ್ಚು ಹಿಡೀತು" ಅಂತ ಅವರು ಹೆದರಿದಾಗ ನೀವು ಏನು ಹೇಳ್ತೀರಿ?

ಹೇಳಿ. ಏನಿದು, ಯಾಕೆ, ಏನಾಗಬಹುದು. ಕೈ ಆಡೋ ಹಾಗಿದ್ರೆ ಅವರೇ ಇಟ್ಕೊಳ್ಳಲಿ, ನೀವು ಬಾಗಿಲಾಚೆ ನಿಲ್ಲಿ. ಆಗದಿದ್ರೆ ಯಾರ ಕೈಯಿಂದ ಅವರಿಗೆ ಮುಜುಗರ ಕಡಿಮೆ ಅಂತ ಕೇಳಿ. ಬೆಡ್‌ಶೀಟ್ ಹೊದಿಸಿ, ಬೇಕಾದಷ್ಟೇ ಸರಿಸಿ, ಬಾಗಿಲು ಹಾಕಿ, ಮೊಮ್ಮಕ್ಕಳನ್ನ ಹೊರಗೆ ಕಳಿಸಿ. ಬೇಡ ಅಂದ್ರೆ ಬೇಡ.

(6/6)

ಈಗ ಊರಿನ ವಿಷಯ.

ಎನ್‌ಡಿಪಿಎಸ್ ಕಾಯ್ದೆ, 1985. ಗಾಂಜಾ ಅಂದ್ರೆ ಆ ಗಿಡದ ಹೂವಿನ ತುದಿಗಳು, ಚರಸ್ ಅಂದ್ರೆ ಅದರ ಅಂಟು. ಎರಡೂ ನಿಷಿದ್ಧ. ಟಿಎಚ್‌ಸಿಯೂ ಆ ಕಾಯ್ದೆಯ ಪಟ್ಟಿಯಲ್ಲಿದೆ. ವಿದೇಶದಿಂದ ತರೋದು ಅಪರಾಧ. ಅಲ್ಲಿನ ಡಾಕ್ಟರ್ ಚೀಟಿ ಬೆಂಗಳೂರು ಏರ್‌ಪೋರ್ಟಿನ ಕಸ್ಟಮ್ಸ್ ಮುಂದೆ ನಿಮ್ಮನ್ನ ಕಾಪಾಡಲ್ಲ. ಮನೆಯಲ್ಲೇ ಗಾಂಜಾ ಕುದಿಸಿ, ಎಣ್ಣೆ ತೆಗೆದು, ಅಚ್ಚು ಹಾಕೋ ವಿಡಿಯೋಗಳೂ ಓಡಾಡ್ತಿವೆ. ಅಪರಾಧ ಅನ್ನೋದು ಒಂದು ಕಡೆ. ಸ್ಪಿರಿಟ್ ಥರದ ದ್ರಾವಕ ಒಲೆ ಪಕ್ಕ ಹೊತ್ತಿಕೊಳ್ಳುತ್ತೆ, ಒಳಗೆ ಉಳಿದ್ರೆ ಪೊರೆ ಸುಡುತ್ತೆ, ಡೋಸ್ ಎಷ್ಟು ಅಂತ ಮಾಡಿದವನಿಗೇ ಗೊತ್ತಿರಲ್ಲ.

ಗಿಡದ ಎಲೆ ಮಾತ್ರ ಆ ವ್ಯಾಖ್ಯೆಯಿಂದ ಹೊರಗಿದೆ. ಹಾಗಾಗಿ "ವಿಜಯಾ" ಹೆಸರಲ್ಲಿ ಲೈಸೆನ್ಸ್ ಇರೋ ಆಯುರ್ವೇದ ಔಷಧಗಳು ಇಲ್ಲಿ ಸಿಗ್ತವೆ. ಅದು ಕೂಡ ವಿಷದ್ರವ್ಯಗಳ ಇ1 ಪಟ್ಟಿಗೆ ಸೇರಿದ್ದು, ವೈದ್ಯರ ನಿಗಾದಲ್ಲೇ ತಗೊಳ್ಳಬೇಕು ಅಂತ ಲೇಬಲ್ ಮೇಲೆ ಇರಲೇಬೇಕು. ರೀಲ್ ನೋಡಿ ಆರ್ಡರ್ ಮಾಡೋ ವಸ್ತು ಅಲ್ಲ.

ಹಾಗಾದ್ರೆ ಅಮ್ಮನ ನೋವಿಗೆ ಏನು? ಮಾರ್ಫಿನ್. ಹೌದು, ಅದೇ. "ಮಾರ್ಫಿನ್ ಕೊಟ್ರೆ ಮುಗೀತು ಅಂತ ಅರ್ಥ" ಅಂತ ನಮ್ಮ ಜನ ನಂಬಿದ್ದಾರೆ. ಎಷ್ಟೋ ಡಾಕ್ಟರ್‌ಗಳೂ ಬರೆಯೋಕೆ ಹಿಂದೆಮುಂದೆ ನೋಡ್ತಾರೆ. ಆದರೆ ಕ್ಯಾನ್ಸರ್ ನೋವಿಗೆ ದಶಕಗಳಿಂದ ಪರೀಕ್ಷೆಗೆ ನಿಂತ ಔಷಧ ಇದು, ಮಾತ್ರೆಯಲ್ಲಿ ಸಿಗುತ್ತೆ, ಬೆಲೆ ಕಡಿಮೆ, ಕಾನೂನುಬದ್ಧ. 2014ರಲ್ಲಿ ಅದೇ ಎನ್‌ಡಿಪಿಎಸ್ ಕಾಯ್ದೆಯನ್ನ ತಿದ್ದಿ, ಮಾನ್ಯತೆ ಪಡೆದ ಆಸ್ಪತ್ರೆಗಳು ಇದನ್ನ ಸುಲಭವಾಗಿ ಇಟ್ಕೊಳ್ಳೋ ಹಾಗೆ ಮಾಡಿದ್ದಾರೆ. ಜೊತೆಗೆ ಮಲಬದ್ಧತೆಗೆ ಮಾತ್ರೆ ಕೇಳಲೇಬೇಕು, ಮಾರ್ಫಿನ್ ಹೊಟ್ಟೆ ಕಟ್ಟುತ್ತೆ. ಕೀಮೋ ವಾಂತಿಗೆ ಒಂಡನ್‌ಸೆಟ್ರಾನ್ ಸಾಲದಿದ್ರೆ ಒಲಾಂಜಪೈನ್ ಬಗ್ಗೆ ಕೇಳಿ, ಅದೂ ಸಸ್ತಾ, ಚೆನ್ನಾಗಿ ಕೆಲಸ ಮಾಡುತ್ತೆ. ಬೆಂಗಳೂರಿನ ಕಿದ್ವಾಯಿಯಲ್ಲಿ ನೋವು ಶಮನದ ವಿಭಾಗ ಇದೆ. ಕೊನೆಯ ಹಂತದ ಕ್ಯಾನ್ಸರ್ ರೋಗಿಗಳನ್ನ ಕರುಣಾಶ್ರಯ ದುಡ್ಡು ತಗೊಳ್ಳದೆ ನೋಡ್ಕೊಳ್ಳುತ್ತೆ. ಬೇರೆ ಊರಿನವರು ಹತ್ತಿರದ ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲಿ "ಪ್ಯಾಲಿಯೇಟಿವ್ ಕೇರ್ ಎಲ್ಲಿ?" ಅಂತ ಈ ಪದ ಬಳಸಿಯೇ ಕೇಳಿ.

ಗಾಂಜಾದಿಂದ ಬಂದ ಔಷಧಗಳೆಲ್ಲ ಸುಳ್ಳು ಅಂತ ನಾನು ಹೇಳ್ತಿಲ್ಲ. ಮಕ್ಕಳ ಕೆಲವು ಕಷ್ಟದ ಫಿಟ್ಸ್ ಕಾಯಿಲೆಗಳಿಗೆ ಶುದ್ಧ ಸಿಬಿಡಿ ಔಷಧಕ್ಕೆ ಅಮೆರಿಕದ ಎಫ್‌ಡಿಎ 2018ರಲ್ಲಿ ಒಪ್ಪಿಗೆ ಕೊಟ್ಟಿದೆ, ಸರಿಯಾದ ಪರೀಕ್ಷೆ ಮಾಡಿದ ಮೇಲೆ. ಸಪೊಸಿಟರಿಗೂ ಅಂಥ ಪರೀಕ್ಷೆ ಆಗಲಿ, ಆಗ ಇದೇ ಜಾಗದಲ್ಲಿ ಬೇರೆ ಮಾತು ಬರೀತೀನಿ.

ಎಲ್ಲಿ ಸಿಗುತ್ತೆ, ಯಾರು ತರಿಸಿಕೊಡ್ತಾರೆ ಅಂತ ಕಾಮೆಂಟಲ್ಲಿ ಕೇಳಬೇಡಿ, ಡಿಲೀಟ್ ಮಾಡ್ತೀನಿ. ಮಾರ್ಫಿನ್ ಬಗ್ಗೆ ಭಯ ಇದ್ರೆ ಅದನ್ನ ಬರೀರಿ. ಮುಂದಿನ ವಾರದ ಸರಣಿ ಅದರ ಮೇಲೇ.

#ಮನೆಆರೈಕೆ #ನೋವುಶಮನ #ಕ್ಯಾನ್ಸರ್‌ಆರೈಕೆ #ಕನ್ನಡದಲ್ಲಿಆರೋಗ್ಯ