ಕಡಲಾಚೆಯವರ ಸೇವೆ, ಊರಿನವರ ಹೊಣೆ

2020ರ ಮಾರ್ಚ್‌ನಲ್ಲಿ ವಿಮಾನಗಳು ನಿಂತಾಗ ಕೆಲಸ ಕಳೆದುಕೊಂಡ ಅನೇಕ ಕನ್ನಡಿಗರು ದುಬೈನಲ್ಲಿ ಸಿಕ್ಕಿಬಿದ್ದರು. ‘ವಂದೇ ಭಾರತ್’ ಯೋಜನೆಯ ಮೊದಲ ದುಬೈ ವಿಮಾನ ಮಂಗಳೂರಿಗೆ ಬಂದದ್ದು ಮೇ 12ರಂದು. ಅಲ್ಲಿಯವರೆಗೆ ಅವರಿಗೆ ದಿನಸಿ, ಔಷಧ ಮುಟ್ಟಿಸಿದವರಲ್ಲಿ ಅಲ್ಲೇ ನೆಲೆಸಿದ ಕನ್ನಡ ಕುಟುಂಬಗಳೂ ಇದ್ದವು. ನಮ್ಮ ಧರ್ಮ ಹೇಳುವ ಆಹಾರದಾನ, ಔಷಧದಾನ ಇದೇ.

ಮರುವರ್ಷ ಕೊಲ್ಲಿಯ ನೆರವು ಇತ್ತ ಬಂತು. 2021ರ ಮೇ 5ರಂದು ಐಎನ್‌ಎಸ್ ತಲ್ವಾರ್ ನೌಕೆ ಬಹರೇನ್‌ನಿಂದ 40 ಟನ್ ದ್ರವ ಆಮ್ಲಜನಕವನ್ನು ನವಮಂಗಳೂರು ಬಂದರಿಗೆ ತಂದಿತು.

ಆದರೆ ಅಲ್ಲಿ ಪರರ ಹಸಿವು ನೀಗಿಸಿದವರಿಗೆ ಇಲ್ಲಿ ತೀರಿಹೋದ ತಂದೆತಾಯಿಯ ಮುಖ ನೋಡಲೂ ಬರಲಾಗದ ಕಾಲವದು. ವಿದೇಶದ ಮಕ್ಕಳನ್ನು ಹೊಗಳಿದರೆ ಸಾಲದು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಪ್ರತಿ ಬಸದಿಯ ಶ್ರಾವಕರೂ ಒಂಟಿ ಹಿರಿಯರ ಪಟ್ಟಿ ಇಟ್ಟು, ವಾರಕ್ಕೊಮ್ಮೆ ಬಾಗಿಲು ತಟ್ಟಬೇಕು.