ವಕೀಲರೇ, ನೀವು ಕೊನೆಯ ಬಾರಿ ಪಾಠ ಕೇಳಿದ್ದು ಯಾವಾಗ?

ನಮ್ಮ ಸಂಘದಲ್ಲಿ ಲೆಕ್ಕ ಬರೆಯುವ ಹುಡುಗಿಗೆ ತರಬೇತಿ ಉಂಟು. ಅಂಗನವಾಡಿ ಕಾರ್ಯಕರ್ತೆಗೆ ಪುನಶ್ಚೇತನ ತರಬೇತಿ ಉಂಟು. ಆಶಾ ಕಾರ್ಯಕರ್ತೆ ಮಗುವನ್ನು ನೆರೆಮನೆಯಲ್ಲಿ ಬಿಟ್ಟು ತಾಲ್ಲೂಕಿಗೆ ಹೋಗಿ ಕಲಿತು ಬರುತ್ತಾಳೆ. ನ್ಯಾಯಾಧೀಶರಿಗೂ ಬೆಂಗಳೂರಿನಲ್ಲಿ ನ್ಯಾಯಾಂಗ ಅಕಾಡೆಮಿ ಇದೆ, ಭೋಪಾಲದಲ್ಲಿ ರಾಷ್ಟ್ರೀಯ ಅಕಾಡೆಮಿ ಇದೆ. ಆದರೆ ಹೊಡೆತ ತಿಂದು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಾ ಬಂದ ಹೆಣ್ಣುಮಗಳು ಮೊದಲು ಯಾರ ಎದುರು ಕೂರುತ್ತಾಳೋ ಆ ವಕೀಲರು, ಸನ್ನದು ಪಡೆದ ಮೇಲೆ ಒಂದೇ ಒಂದು ದಿನ ಮತ್ತೆ ಪಾಠ ಕೇಳಬೇಕೆಂಬ ಕಡ್ಡಾಯ ನಮ್ಮ ದೇಶದಲ್ಲಿ ಇಲ್ಲ.

ನಾನು ವಕೀಲಳಲ್ಲ. ಒಕ್ಕೂಟದ ಕೆಲಸದ ಜೊತೆಗೆ ಹೆಣ್ಣುಮಕ್ಕಳ ಸಂಗಡ ಠಾಣೆಗೆ, ಕೋರ್ಟಿಗೆ ಹೋಗಿಬರುವವಳು. ಕೋರ್ಟಿನ ಜಗಲಿಯಲ್ಲಿ ಕಾಯುತ್ತಾ ಕೂತಾಗ ಕಿವಿಗೆ ಬಿದ್ದ ಮಾತುಗಳಿಂದಲೇ ಈ ಸಿಟ್ಟು ಹುಟ್ಟಿದ್ದು.

"ಮನೆ ನಿಮ್ಮ ಅತ್ತೆ ಹೆಸರಲ್ಲಿದೆ, ನಿನಗೆ ಅಲ್ಲಿ ಹಕ್ಕಿಲ್ಲಮ್ಮ." ಎಷ್ಟು ಸಲ ಕೇಳಿದ್ದೇನೆ ಈ ಮಾತನ್ನು! ಇದು ಎಲ್ಲಿಂದ ಬಂತು ಗೊತ್ತೇ? ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ 2005ರಲ್ಲಿ ಅಂಗೀಕಾರವಾಗಿ 2006ರ ಅಕ್ಟೋಬರ್ 26ರಿಂದ ಜಾರಿಗೆ ಬಂತು. ಎರಡು ತಿಂಗಳು ಕಳೆಯುವಷ್ಟರಲ್ಲಿ ಬಾತ್ರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಅತ್ತೆಯ ಸ್ವಂತ ಮನೆಯಲ್ಲಿ ಸೊಸೆ ವಾಸದ ಹಕ್ಕು ಕೇಳುವಂತಿಲ್ಲ ಎಂದುಬಿಟ್ಟಿತು. ನಮ್ಮ ಊರುಗಳಲ್ಲಿ ಮನೆ, ಜಮೀನು ಗಂಡನ ಹೆಸರಿಗೆ ಬರುವ ಹೊತ್ತಿಗೆ ಅವನ ತಲೆಯೂ ನರೆತಿರುತ್ತದೆ. ಹಾಗಾಗಿ ಆ ಒಂದು ತೀರ್ಪು ಎಷ್ಟೋ ಹೆಣ್ಣುಮಕ್ಕಳನ್ನು ಹೊಸಿಲಾಚೆ ನಿಲ್ಲಿಸಿತು. ಆದರೆ 2020ರ ಅಕ್ಟೋಬರ್ 15ರಂದು ಅಹುಜಾ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ, ಬಾತ್ರಾ ತೀರ್ಪು ಸರಿಯಲ್ಲ ಎಂದಿತು. ಹೆಣ್ಣು ಸಂಸಾರ ಹೂಡಿ ಬಾಳಿದ ಮನೆ ಗಂಡನ ನೆಂಟರ ಹೆಸರಿನಲ್ಲಿದ್ದರೂ ಅದು ಆಕೆಯ ಪಾಲಿಗೆ ಕೂಡುಬಾಳ್ವೆಯ ಮನೆಯೇ ಎಂದಿತು. ಆ ಹಕ್ಕು ಕಲ್ಲಿನ ಮೇಲೆ ಬರೆದದ್ದಲ್ಲ, ವಯಸ್ಸಾದ ಅತ್ತೆ ಮಾವಂದಿರ ನೆಮ್ಮದಿಯನ್ನೂ ಕೋರ್ಟು ತೂಗಿ ನೋಡಬೇಕು. ಆದರೆ ಬಟ್ಟೆಗಂಟು ಬೀದಿಗೆಸೆದು ಬಾಗಿಲು ಹಾಕಿಕೊಳ್ಳುವಂತಿಲ್ಲ.

ತೀರ್ಪು ಬದಲಾದದ್ದು 2020ರಲ್ಲಿ. ನಮ್ಮ ಒಕ್ಕೂಟದ ಒಬ್ಬ ಸದಸ್ಯೆಗೆ ವಕೀಲರೊಬ್ಬರು ಹಳೆಯ ಮಾತನ್ನೇ ಹೇಳಿ ತವರಿಗೆ ಕಳಿಸಿದ್ದು 2022ರಲ್ಲಿ. ಫೀಸಿಗೆಂದು ಆಕೆ ಸಂಘದಿಂದ 18,000 ರೂಪಾಯಿ ಸಾಲ ಎತ್ತಿದ್ದಳು, ನೂರಕ್ಕೆ ತಿಂಗಳಿಗೊಂದು ರೂಪಾಯಿ ಬಡ್ಡಿ. ತಪ್ಪು ಸಲಹೆಗೆ ಕೊಟ್ಟ ಹಣಕ್ಕೆ ಕಂತು ಕಟ್ಟುತ್ತಾ ಹದಿನಾಲ್ಕು ತಿಂಗಳು ಅಣ್ಣನ ಮನೆಯ ಕೊಟ್ಟಿಗೆಯ ಪಕ್ಕದ ಕೋಣೆಯಲ್ಲಿ ಮಕ್ಕಳನ್ನಿಟ್ಟುಕೊಂಡು ಮಲಗಿದಳು. ಕೊನೆಗೆ ಉಚಿತ ಕಾನೂನು ನೆರವಿನ ಪಟ್ಟಿಯಲ್ಲಿದ್ದ ಕಿರಿಯ ವಕೀಲೆಯೊಬ್ಬಳು ಕಾಯ್ದೆಯ 19ನೇ ಕಲಂ ಅಡಿ ಅರ್ಜಿ ಹಾಕಿ ಮಧ್ಯಂತರ ಆದೇಶ ತಂದಳು. ಆ ಹುಡುಗಿ ಮೊದಲಿನವರಿಗಿಂತ ಬುದ್ಧಿವಂತೆ ಎಂದಲ್ಲ. ಕಾನೂನು ಸೇವಾ ಸಮಿತಿಯ ತರಬೇತಿಯಲ್ಲಿ ಅವಳಿಗೆ ಆ ತೀರ್ಪು ಹೇಳಿಕೊಟ್ಟಿದ್ದರು, ಅಷ್ಟೇ.

ಇನ್ನೊಂದು ಮಾತು: "ಸಂರಕ್ಷಣಾಧಿಕಾರಿಯ ವರದಿ ಬರಲಿ, ಆಮೇಲೆ ಕೇಸು ಹಾಕೋಣ." ವರದಿ ಇಲ್ಲದೆಯೂ ಅರ್ಜಿ ನಡೆಯುತ್ತದೆ ಎಂದು 2022ರ ಮೇ ತಿಂಗಳಲ್ಲೇ ಸುಪ್ರೀಂ ಕೋರ್ಟು ಹೇಳಿದೆ. "ಗಂಡನ ಊರಲ್ಲೇ ಕಂಪ್ಲೇಂಟು ಕೊಡಬೇಕು" ಎನ್ನುವವರೂ ಇದ್ದಾರೆ. ಕಿರುಕುಳ ತಾಳದೆ ಓಡಿಬಂದು ಆಸರೆ ಪಡೆದ ಊರಿನಲ್ಲೇ ದೂರು ಕೊಡಬಹುದೆಂದು 2019ರ ತೀರ್ಪಿದೆ. ಜೀವನಾಂಶದ ಲೆಕ್ಕ ನೀವೇ ಹಾಕಿ ನೋಡಿ. ತಿಂಗಳಿಗೆ 5,000 ಎಂದಿಟ್ಟುಕೊಳ್ಳಿ, ಕೇಸು ಮೂರು ವರ್ಷ ಎಳೆಯಿತು. ಅರ್ಜಿ ಹಾಕಿದ ದಿನದಿಂದಲೇ ಜೀವನಾಂಶ ಕೊಡಿಸಬೇಕು ಎಂದು 2020ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ವಕೀಲರು ಅದನ್ನು ತಿಳಿಯದೆ ಆದೇಶದ ದಿನದಿಂದ ಸಿಕ್ಕಿದರೆ ಸಾಕೆಂದು ಸುಮ್ಮನಾದರೆ ಆ ತಾಯಿಗೆ 1,80,000 ರೂಪಾಯಿ ಖೋತಾ. ಯಾರು ತುಂಬಿಕೊಡುತ್ತಾರೆ?

ಯಾರೂ ಇಲ್ಲ. ಮಿಕ್ಸಿ ಕೆಟ್ಟರೆ ಗ್ರಾಹಕರ ನ್ಯಾಯಾಲಯಕ್ಕೆ ಹೋಗಬಹುದು, ವಕೀಲರ ಸೇವೆ ಕೆಟ್ಟರೆ ಹೋಗುವಂತಿಲ್ಲ ಎಂದು 2024ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ತೀರ್ಮಾನಿಸಿತು. ವಕೀಲಿ ವೃತ್ತಿ ವ್ಯಾಪಾರವಲ್ಲ, ಗೌರವದ ವೃತ್ತಿ ಎಂಬುದು ಅಲ್ಲಿಯ ವಾದ. ಒಪ್ಪಿದೆವು. ಗೌರವದ ವೃತ್ತಿಗೆ ಓದು ಬೇಡವೇ?

1961ರ ವಕೀಲರ ಕಾಯ್ದೆಯ 6ನೇ ಕಲಂ ಪ್ರಕಾರ ವಿಚಾರಸಂಕಿರಣ, ಉಪನ್ಯಾಸ ಏರ್ಪಡಿಸುವುದು ರಾಜ್ಯ ವಕೀಲರ ಪರಿಷತ್ತಿನ ಕೆಲಸಗಳಲ್ಲೊಂದು. ಉಪನ್ಯಾಸ ನಡೆಯುವುದಿಲ್ಲ ಎಂದಲ್ಲ. ಹೋಗುವುದು ಬಿಡುವುದು ಅವರವರ ಇಷ್ಟ. ಹೊಸಬರು 2011ರಿಂದ ನಡೆಯುತ್ತಿರುವ ಅಖಿಲ ಭಾರತ ಪರೀಕ್ಷೆಯನ್ನು ಒಮ್ಮೆ ಪಾಸು ಮಾಡಿದರಾಯಿತು, ಜನ್ಮಕ್ಕೆ ಸಾಕು. ಇವರು ನಿಜಕ್ಕೂ ವೃತ್ತಿಯಲ್ಲಿದ್ದಾರೆಯೇ ಎಂದು ಪರಿಶೀಲಿಸಲು ಭಾರತೀಯ ವಕೀಲರ ಪರಿಷತ್ತು 2015ರಲ್ಲಿ ನಿಯಮ ತಂದಿತು. ಇವರು ಏನಾದರೂ ಓದಿದ್ದಾರೆಯೇ ಎಂದು ಮಾತ್ರ ಕೇಳಲಿಲ್ಲ. ಅಮೆರಿಕದ ಮಿನೆಸೋಟ, ಅಯೋವಾ ರಾಜ್ಯಗಳು 1975ರಲ್ಲೇ ಇಂಥ ಕಲಿಕೆಯನ್ನು ಕಡ್ಡಾಯ ಮಾಡಿದವು. ಶ್ರೀಮಂತ ದೇಶದ ಮಾತು ಬಿಡಿ ಎನ್ನುತ್ತೀರಾ? ಫಿಲಿಪ್ಪೀನ್ಸಿನ ಸುಪ್ರೀಂ ಕೋರ್ಟು 2000ದಲ್ಲಿ ಮೂರು ವರ್ಷಕ್ಕೆ 36 ಗಂಟೆ ಎಂದು ನಿಯಮ ಮಾಡಿತು.

2024ರ ಜುಲೈ 1ರಂದು ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದಾಗ ನಮ್ಮ ತಾಲ್ಲೂಕಿನ ವಕೀಲರೂ ಎದ್ದು ಕೂತರು. 498ಎ ಹೋಗಿ 85, 86 ಬಂತು, ವರದಕ್ಷಿಣೆ ಸಾವಿನ 304ಬಿ ಹೋಗಿ 80 ಬಂತು. ಉಪನ್ಯಾಸಕ್ಕೆ ಕುರ್ಚಿ ಸಾಲಲಿಲ್ಲ. ಸಂಖ್ಯೆ ಬದಲಾದರೆ ಓಡುತ್ತಾರೆ, ಹೆಣ್ಣಿನ ಹಕ್ಕು ಬದಲಾದರೆ ಮೈಮುರಿಯುತ್ತಾರೆ!

ಕಡ್ಡಾಯ ಮಾಡಿದರೆ ಸರ್ಟಿಫಿಕೇಟಿನ ವ್ಯಾಪಾರ ಶುರುವಾಗುತ್ತದೆ ಎಂದು ಹಿರಿಯ ವಕೀಲರೊಬ್ಬರು ನನ್ನೊಡನೆ ವಾದಿಸಿದರು. ಆ ಭಯ ಸುಳ್ಳಲ್ಲ. ಬೆಂಗಳೂರಿನ ಹೋಟೆಲಿನಲ್ಲಿ ಊಟ, ಫೋಟೋ, ಒಂದು ಫೈಲು, ಇಷ್ಟಾದರೆ ನಮಗೂ ಬೇಡ. ಕಿರಿಯ ವಕೀಲರಿಗೆ ಬಸ್ಸಿನ ಚಾರ್ಜಿಗೂ ಕಷ್ಟವಿರುವುದನ್ನು ನಾನೂ ಕಂಡಿದ್ದೇನೆ. ಅದಕ್ಕೇ ಪಾಠ ತಾಲ್ಲೂಕು ಕೋರ್ಟಿನ ಹಾಲಿನಲ್ಲೇ, ಶನಿವಾರ, ಕನ್ನಡದಲ್ಲಿ, ಪುಕ್ಕಟೆಯಾಗಿ ಆಗಲಿ. ನ್ಯಾಯಾಧೀಶರು ಕಾನೂನು ಹೇಳಲಿ, ಸರ್ಕಾರಿ ಆಸ್ಪತ್ರೆಯ ಡಾಕ್ಟರು ಗಾಯದ ದಾಖಲೆ ಬಗ್ಗೆ ಹೇಳಲಿ, ನಮ್ಮಂಥವರಿಗೂ ಅರ್ಧ ಗಂಟೆ ಕೊಡಲಿ. "ಹೊಂದಿಕೊಂಡು ಹೋಗಮ್ಮ" ಎಂಬ ಮಾತು ಸುಟ್ಟಗಾಯದ ಹೆಣ್ಣಿನ ಕಿವಿಗೆ ಹೇಗೆ ಕೇಳುತ್ತದೆ ಎಂಬುದು ಯಾವ ಕಾನೂನು ಪುಸ್ತಕದಲ್ಲೂ ಇಲ್ಲ.

ಗೆಳತಿಯರೇ, ನಮ್ಮ ತಾಲ್ಲೂಕಿನ 11 ಸಂಘಗಳು ಈ ಬೇಡಿಕೆ ಬರೆದು ಸಹಿ ಹಾಕಿವೆ. ಒಂದು ಪ್ರತಿ ರಾಜ್ಯ ವಕೀಲರ ಪರಿಷತ್ತಿಗೆ, ಒಂದು ತಾಲ್ಲೂಕು ಕಾನೂನು ಸೇವಾ ಸಮಿತಿಗೆ, ಒಂದು ಊರಿನ ವಕೀಲರ ಸಂಘಕ್ಕೆ. ನಿಮ್ಮಲ್ಲೂ ಬರೆಯಿರಿ. ಅಲ್ಲಿಯವರೆಗೆ ಫೀಸು ಕೊಡುವ ಮೊದಲು ಎರಡು ಮಾತು ನೆನಪಿಡಿ. ಆದಾಯ ಎಷ್ಟೇ ಇರಲಿ, ಹೆಣ್ಣುಮಕ್ಕಳಿಗೆ ವಕೀಲರ ನೆರವು ಉಚಿತವಾಗಿ ಸಿಗಬೇಕೆಂದು 1987ರ ಕಾನೂನು ಸೇವೆಗಳ ಕಾಯ್ದೆಯ 12ನೇ ಕಲಂ ಹೇಳುತ್ತದೆ. ಸಮಿತಿಯ ಕಚೇರಿ ಕೋರ್ಟಿನ ಆವರಣದಲ್ಲೇ ಇರುತ್ತದೆ. ಇನ್ನು ಹಣ ಕೊಟ್ಟೇ ವಕೀಲರನ್ನು ಹಿಡಿಯುವುದಾದರೆ, "ಸ್ವಾಮಿ, 2020ರ ಅಹುಜಾ ತೀರ್ಪು ನೋಡಿದ್ದೀರಾ?" ಎಂದು ಕೇಳಿ. ಗದರಿದರೆ ಎದ್ದು ಬನ್ನಿ.