ಮನೆಯ ಆರೋಗ್ಯ: ಹೊಸ ಹಾಸಿಗೆಯ ವಾಸನೆ

ನಮ್ಮ ಹಿರಿಯರ ಕಾಲದಲ್ಲಿ ಹಾಸಿಗೆಯ ಒಳಗೇನಿದೆಯೆಂಬುದು ಮನೆಯವರೆಲ್ಲರಿಗೂ ತಿಳಿದಿರುತ್ತಿತ್ತು. ಬೂರುಗದ ಮರದ ಹತ್ತಿಯನ್ನು ಬೀಜ ಬಿಡಿಸಿ, ಬಿಸಿಲಿಗೆ ಹರವಿ, ಕಣ್ಣೆದುರಿನಲ್ಲೇ ಚೀಲಕ್ಕೆ ತುಂಬಿಸುತ್ತಿದ್ದರು. ಅದೂ ಇಲ್ಲದವರಿಗೆ ಓಲೆಯ ಚಾಪೆ ಸಾಕಾಗುತ್ತಿತ್ತು. ಇಂದು ಮಂಜೇಶ್ವರ, ಕುಂಬಳೆ, ಕಾಸರಗೋಡುಗಳ ಮನೆಗಳಿಗೂ ‘ಮೆಮೊರಿ ಫೋಮ್’ ಎಂಬ ಹಾಸಿಗೆ ಬಂದಿದೆ. ಪ್ಲಾಸ್ಟಿಕ್ಕಿನಲ್ಲಿ ಬಿಗಿಯಾಗಿ ಸುತ್ತಿಟ್ಟ ಸುರುಳಿಯನ್ನು ಬಿಚ್ಚಿದೊಡನೆ ಅದು ಉಬ್ಬಿಕೊಳ್ಳುತ್ತದೆ. ಅದರೊಂದಿಗೆ ತೀಕ್ಷ್ಣವಾದ ವಾಸನೆಯೊಂದು ಕೋಣೆಯನ್ನೆಲ್ಲ ತುಂಬಿಕೊಳ್ಳುತ್ತದೆ. ಇದು ವಿಷವೇ ಎಂಬ ಪ್ರಶ್ನೆ ಆಗ ಯಾರಿಗಾದರೂ ಹುಟ್ಟುವುದು ಸಹಜ. ಗೇರುತೋಟಗಳ ಮೇಲೆ ಆಕಾಶದಿಂದ ಎಂಡೋಸಲ್ಫಾನ್ ಸುರಿದುದನ್ನು 2000ದವರೆಗೂ ಕಂಡ ಈ ನಾಡಿನಲ್ಲಿ ಅಂತಹ ಪ್ರಶ್ನೆಯನ್ನು ಅತಿಭೀತಿಯೆಂದು ತಳ್ಳಿಹಾಕಲು ನಾವು ಸಿದ್ಧರಿಲ್ಲ. ಆದರೆ ಯಾವುದಕ್ಕೆ ಎಷ್ಟು ಅಂಜಬೇಕು ಎಂಬುದನ್ನು ತೂಗಿ ನೋಡುವುದು ಅವಶ್ಯ.

ಮೆಮೊರಿ ಫೋಮ್ ಎಂಬುದು ಪಾಲಿಯುರೆಥೇನ್ ನೊರೆಯ ಒಂದು ಬಗೆ. ಪಾಲಿಯುರೆಥೇನನ್ನು ಜರ್ಮನಿಯ ಆಟೊ ಬೇಯರ್ ಮತ್ತು ಅವರ ಸಂಗಡಿಗರು 1937ರಲ್ಲಿ ಕಂಡುಹಿಡಿದರು. ಮೈಯ ಕಾವಿಗೆ ಮೆದುವಾಗಿ, ಒತ್ತಿದ ಆಕಾರವನ್ನು ಕೆಲಹೊತ್ತು ಹಿಡಿದಿಡುವ ಈ ಬಗೆಯು 1966ರಲ್ಲಿ ಅಮೆರಿಕದ ಬಾಹ್ಯಾಕಾಶ ಸಂಸ್ಥೆ ನಾಸಾದ ಆಸನಗಳ ಕೆಲಸದಿಂದ ಹುಟ್ಟಿತು. ಪಾಲಿಯೋಲ್ ಮತ್ತು ಐಸೊಸಯನೇಟ್ ಎಂಬ ಎರಡು ದ್ರವಗಳನ್ನು ಬೆರೆಸಿದಾಗ ಅವು ಕೂಡಿಕೊಂಡು ನೊರೆಯಾಗಿ ಉಬ್ಬಿ ಗಟ್ಟಿಯಾಗುತ್ತವೆ.

ಐಸೊಸಯನೇಟ್ ಎಂಬ ಹೆಸರು ಕೇಳಿದೊಡನೆ 1984ರ ಭೋಪಾಲ ದುರಂತವು ನೆನಪಾಗದಿರದು. ಅಲ್ಲಿ ಸೋರಿದ ಮೀಥೈಲ್ ಐಸೊಸಯನೇಟ್ ಇದೇ ಕುಲದ್ದಾದರೂ ಬೇರೆಯೇ ಪದಾರ್ಥ. ಫೋಮ್ ತಯಾರಿಕೆಯ ಐಸೊಸಯನೇಟುಗಳೂ ನಿರಪಾಯಕಾರಿಯಲ್ಲ. ಅವುಗಳ ಆವಿಯಿಂದ ಕಾರ್ಖಾನೆಯ ಕೆಲಸಗಾರರಿಗೆ ಆಸ್ತಮಾ ತಗಲುವುದುಂಟು. ಆದರೆ ನೊರೆ ಗಟ್ಟಿಯಾಗುವಾಗ ಅವು ಕ್ರಿಯೆಯಲ್ಲಿ ಬಹುಮಟ್ಟಿಗೆ ವ್ಯಯವಾಗುತ್ತವೆ. ಸರಿಯಾಗಿ ಪಕ್ವವಾದ ಹಾಸಿಗೆಯಲ್ಲಿ ಉಳಿಯುವುದು ಅತ್ಯಲ್ಪ. ಅಪಾಯದ ಹೆಚ್ಚಿನ ಭಾಗವನ್ನು ಹೊರುವವನು ಮಲಗುವವನಲ್ಲ, ಮಾಡುವವನು.

ಹಾಗಾದರೆ ಆ ವಾಸನೆ ಯಾವುದರದು? ಕ್ರಿಯೆಗೆ ಚುರುಕು ಕೊಡಲು ಬೆರೆಸಿದ ಅಮೈನುಗಳು, ಅಂಟುಗಳು ಮೊದಲಾದವುಗಳಿಂದ ಉಳಿದು ಬೇಗನೆ ಆವಿಯಾಗುವ ಪದಾರ್ಥಗಳದು. ಕೆಲವರಿಗೆ ಅದರಿಂದ ತಲೆನೋವು, ಕಣ್ಣುರಿ, ಗಂಟಲ ಕೆರೆತ ಉಂಟಾಗಬಹುದು. ಆಸ್ತಮಾ ಇರುವವರಿಗೆ ತೊಂದರೆ ಹೆಚ್ಚು. ಸಾಮಾನ್ಯವಾಗಿ ಕೆಲವು ದಿನಗಳಿಂದ ಕೆಲವು ವಾರಗಳಲ್ಲಿ ವಾಸನೆ ತಗ್ಗುತ್ತದೆ. ಇದಕ್ಕೆ ಗಾಳಿಗಿಂತ ದೊಡ್ಡ ಮದ್ದಿಲ್ಲ. ಹಾಸಿಗೆಯನ್ನು ಬಿಚ್ಚಿ, ಗಾಳಿಯಾಡುವ ನೆರಳಿನ ಚಾವಡಿಯಲ್ಲಿ ಕೆಲವು ದಿನ ಗೋಡೆಗೆ ಒರಗಿಸಿಟ್ಟು, ಆಮೇಲೆ ಕೋಣೆಗೆ ಸೇರಿಸಬೇಕು. ಫೋಮನ್ನು ಕಡುಬಿಸಿಲಿಗೆ ಹಾಕಲಾಗದು. ಬಿಸಿಲಿಗೆ ಅದು ಹಳದಿಯಾಗಿ ಪುಡಿಯಾಗುತ್ತದೆ. ಕಿಟಕಿ ತೆರೆಯಲಾಗದ ಆಟಿಯ ಮಳೆಯಲ್ಲಿ ಕೊಳ್ಳುವುದಕ್ಕಿಂತ ಮಳೆ ಬಿಟ್ಟ ಮೇಲೆ ಕೊಳ್ಳುವುದು ಜಾಣತನ. ವಾಸನೆಯನ್ನು ಮುಚ್ಚಲು ಸುಗಂಧದ್ರವ್ಯ ಸಿಂಪಡಿಸುವುದೆಂದರೆ ಒಂದು ಆವಿಯ ಮೇಲೆ ಇನ್ನೊಂದನ್ನು ಹೇರಿದಂತೆ.

ವಾಸನೆ ಬರುವುದು ಹೋಗಿಬಿಡುತ್ತದೆ. ನಾವು ಹೆಚ್ಚು ಎಚ್ಚರ ವಹಿಸಬೇಕಾದುದು ವಾಸನೆಯೇ ಇಲ್ಲದ ಸಂಗತಿಗಳ ವಿಷಯದಲ್ಲಿ.

ಅವುಗಳಲ್ಲಿ ಮೊದಲನೆಯದು ಬೆಂಕಿ ತಡೆಯಲೆಂದು ಬೆರೆಸುವ ರಾಸಾಯನಿಕಗಳು. ಪೆಂಟಾ ಬಿಡಿಇ ಎಂಬ ಬ್ರೋಮಿನ್ ಸಂಯುಕ್ತವನ್ನು ಅಮೆರಿಕದಲ್ಲಿ ಪೀಠೋಪಕರಣಗಳ ಫೋಮಿಗೆ ಹೇರಳವಾಗಿ ಬೆರೆಸುತ್ತಿದ್ದರು. ಅದು ನೊರೆಗೆ ಭದ್ರವಾಗಿ ಬೆಸೆದುಕೊಳ್ಳದೆ ಮೆಲ್ಲಗೆ ಹೊರಬಂದು ಮನೆಯ ಧೂಳನ್ನು ಸೇರುತ್ತದೆ. ನೆಲದ ಮೇಲೆ ಹರಿದಾಡಿ ಕೈಯನ್ನು ಬಾಯಿಗಿಡುವ ಮಗುವಿನ ಹೊಟ್ಟೆಯನ್ನೂ ಸೇರುತ್ತದೆ. ಥೈರಾಯ್ಡ್ ಗ್ರಂಥಿಗೂ ಎಳೆಯ ಮಿದುಳಿನ ಬೆಳವಣಿಗೆಗೂ ಅದು ಹಾನಿಕರವೆಂದು ಕಂಡುಬಂದು, 2004ರ ಕೊನೆಗೆ ಅಲ್ಲಿ ಅದರ ತಯಾರಿಕೆ ನಿಂತಿತು. 2009ರಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ನಿಷೇಧಪಟ್ಟಿಗೆ ಅದರ ಮುಖ್ಯ ಘಟಕಗಳು ಸೇರಿದವು. ಎರಡು ವರ್ಷಗಳ ಬಳಿಕ, 2011ರಲ್ಲಿ, ನಮ್ಮ ಎಂಡೋಸಲ್ಫಾನ್ ಸೇರಿದ್ದೂ ಇದೇ ಒಪ್ಪಂದದ ಪಟ್ಟಿಗೇ. ಆದುದರಿಂದ ಪುಡಿಯಾಗುತ್ತಿರುವ ಹಳೆಯ ಫೋಮನ್ನೂ, ಎಲ್ಲಿಯದೆಂದು ತಿಳಿಯದ ಫೋಮ್ ಚೂರುಗಳನ್ನು ಒತ್ತಿ ಮಾಡಿದ ಅಗ್ಗದ ಹಾಸಿಗೆಯನ್ನೂ ಮಕ್ಕಳ ಕೋಣೆಯಿಂದ ದೂರವಿಡುವುದು ಲೇಸು.

ಎರಡನೆಯದು ಗಾಜಿನ ನಾರು. ಕೆಲವು ಹಾಸಿಗೆಗಳ ಒಳಹೊದಿಕೆಯಲ್ಲಿ ಬೆಂಕಿಯನ್ನು ತಡೆಯಲು ಇದನ್ನು ಇಡುತ್ತಾರೆ. ಹೊರಹೊದಿಕೆಯನ್ನು ಒಗೆಯಲೆಂದು ಬಿಚ್ಚಿದರೆ ಈ ಸೂಕ್ಷ್ಮ ಎಳೆಗಳು ಮನೆಯೆಲ್ಲ ಹರಡಿ ಚರ್ಮ, ಕಣ್ಣು, ಗಂಟಲುಗಳನ್ನು ಚುಚ್ಚಬಲ್ಲವು. ಚೀಟಿಯಲ್ಲಿ ‘ಹೊದಿಕೆ ತೆಗೆಯಬೇಡಿ’ ಎಂದಿದ್ದರೆ ಜಿಪ್ ಇದ್ದರೂ ತೆಗೆಯಕೂಡದು.

ಮೂರನೆಯದು, ಎಲ್ಲಕ್ಕಿಂತ ಮಿಗಿಲಾದುದು, ಬೆಂಕಿ. ಪಾಲಿಯುರೆಥೇನ್ ಹೊತ್ತಿಕೊಂಡರೆ ಭರದಿಂದ ಉರಿದು ದಟ್ಟ ಹೊಗೆಯನ್ನು ಕಾರುತ್ತದೆ. ಆ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡೂ ಹೈಡ್ರೊಜನ್ ಸಯನೈಡೂ ಇರುತ್ತವೆ. 1979ರ ಮೇ ತಿಂಗಳಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ನಗರದ ಒಂದು ದೊಡ್ಡ ಅಂಗಡಿಯಲ್ಲಿ ಫೋಮ್ ತುಂಬಿದ ಪೀಠೋಪಕರಣಗಳಿಗೆ ಬೆಂಕಿ ತಗಲಿ ಹತ್ತು ಮಂದಿ ಸತ್ತರು. ಇಂತಹ ದುರಂತಗಳ ತರುವಾಯ 1988ರಲ್ಲಿ ಆ ದೇಶವು ಕಠಿಣ ನಿಯಮಗಳನ್ನು ಮಾಡಿತು. ನಮ್ಮ ಮನೆಗಳಲ್ಲಿ ಮಂಚದ ಕೆಳಗೆ ಸೊಳ್ಳೆಬತ್ತಿ ಹಚ್ಚಿಡುವುದುಂಟು, ವಿದ್ಯುತ್ತು ಹೋದಾಗ ತಲೆದೆಸೆಯಲ್ಲಿ ಮೇಣದಬತ್ತಿ ಇಡುವುದುಂಟು, ಮಲಗಿಕೊಂಡೇ ಬೀಡಿ ಸೇದುವವರೂ ಇದ್ದಾರೆ. ಹಾಸಿಗೆಯ ವಾಸನೆಗೆ ಅಂಜಿ ಈ ಕಿಡಿಗೆ ಅಂಜದಿದ್ದರೆ ನಮ್ಮ ಎಚ್ಚರ ತಲೆಕೆಳಗಾದಂತೆಯೇ ಸರಿ.

ಕೂಸುಗಳ ವಿಚಾರದಲ್ಲಿ ಇನ್ನೊಂದು ಮಾತು. ರಾಸಾಯನಿಕವೇನೂ ಇಲ್ಲವೆಂದು ಇಟ್ಟುಕೊಂಡರೂ, ಮುಖ ಹೂತುಹೋಗುವ ಈ ಮೆತ್ತನೆಯ ಹಾಸು ಒಂದು ವರ್ಷದೊಳಗಿನ ಮಗುವಿಗೆ ತಕ್ಕುದಲ್ಲ. ಉಸಿರು ಕಟ್ಟುವ ಭಯವಿದೆ. ಗಟ್ಟಿಯಾದ, ಸಮತಟ್ಟಾದ ಹಾಸಿನ ಮೇಲೆ ಅಂಗಾತ ಮಲಗಿಸುವುದೇ ಕ್ಷೇಮ.

ಕೊಳ್ಳುವಾಗ ಮೃದುತ್ವವನ್ನು ಒತ್ತಿ ನೋಡುವಂತೆಯೇ ಚೀಟಿಯನ್ನೂ ಓದಬೇಕು. ‘ಸರ್ಟಿಪುರ್’ ಎಂಬ ಗುರುತು ಫೋಮಿನ ಪರೀಕ್ಷೆಯದು. ‘ಓಯೆಕೊ-ಟೆಕ್ಸ್’ ಗುರುತು ಬಟ್ಟೆ ಮೊದಲಾದವುಗಳ ಹಾನಿಕಾರಕ ಪದಾರ್ಥಗಳ ಪರೀಕ್ಷೆಯದು. ಇವು ಪೂರ್ಣ ಅಭಯಪತ್ರಗಳಲ್ಲವಾದರೂ ಏನೂ ಇಲ್ಲದುದಕ್ಕಿಂತ ಮೇಲು. ‘ಸಹಜ’, ‘ಹಸಿರು’ ಎಂಬ ಬರಿಯ ಹೊಗಳಿಕೆಯ ಮಾತುಗಳು ಪರೀಕ್ಷೆಯ ಫಲವಲ್ಲ. ಒಳಗೇನಿದೆ, ಬೆಂಕಿ ತಡೆಯಲು ಏನು ಬಳಸಿದ್ದಾರೆ ಎಂದು ಕೇಳಲು ಸಂಕೋಚವೇಕೆ? ಉತ್ತರ ಹೇಳಲಾರದ ಅಂಗಡಿಯಿಂದ ಬರಿಗೈಯಲ್ಲಿ ಮರಳಿದರೂ ನಷ್ಟವಿಲ್ಲ. ಆಯುಷ್ಯದ ಮೂರನೆಯ ಒಂದು ಪಾಲನ್ನು ನಾವು ಮಲಗಿ ಕಳೆಯುತ್ತೇವೆ. ಅಷ್ಟು ಕಾಲ ಮೈಯೊಪ್ಪಿಸುವ ವಸ್ತುವಿನ ಕುಲಗೋತ್ರವನ್ನು ವಿಚಾರಿಸುವುದು ಗೃಹಸ್ಥರ ಹಕ್ಕೂ ಹೌದು, ಹೊಣೆಯೂ ಹೌದು.